ಒಂದೆರಡು ಕಡೆ ಮಳೆ, ಎಲ್ಲಾ ಕಡೆ ಬ್ರೇಕಿಂಗ್

ಬಂಗಾಳಕೊಲ್ಲಿಯಲ್ಲಿ ಮತ್ತೆ ವಾಯುಭಾರ ಕುಸಿದಿದೆಯಂತೆ. ಕುಸಿಯಲಿ ಬಿಡಿ, ಹಿಂಗಾರಿನಲ್ಲಿ ಅದಕ್ಕಿರುವುದೇ ಆ ಕೆಲಸ. ಆದರೆ ಅಲ್ಲಿ ಕುಸಿದದ್ದಕ್ಕೆ ಮಂಡ್ಯದ ನೂರಡಿ ರಸ್ತೆಯ ಟೀ ಅಂಗಡಿಯಲ್ಲಿ ಟಿ.ವಿ. ಕೆಂಪಗಾಗಿದೆ. ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಮೈಸೂರಿನ ಮೇಲೆ ಗ್ರಾಫಿಕ್ಸ್ ಅಲೆ ಬಂದು ಅಪ್ಪಳಿಸುತ್ತಿದೆ. ಕೆಳಗೆ ಪಟ್ಟಿ ಓಡುತ್ತಿದೆ: ‘ಮೈಸೂರು, ಮಂಡ್ಯಕ್ಕೆ ಯೆಲ್ಲೋ ಅಲರ್ಟ್! ಊಟಿಯಲ್ಲಿ ಹಿಮಪಾತ! ಹೊರಗೆ ಕಾಲಿಡೋ ಮುನ್ನ ಹುಷಾರ್!’ ಚಾಮುಂಡಿ ಬೆಟ್ಟದ ನಂದಿ ಇನ್ನೂ ಈಜು ಕಲಿತಿಲ್ಲ, ಪಾಪ.

ಯೆಲ್ಲೋ ಅಲರ್ಟ್ ಅಂದರೆ ‘ಗಮನ ಇಟ್ಟು ನೋಡ್ತಾ ಇರಿ’ ಅಂತ, ಅಷ್ಟೇ. ಆರೆಂಜ್ ಬಂದರೆ ಸಿದ್ಧರಾಗಿ, ರೆಡ್ ಬಂದರೆ ಕೆಲಸಕ್ಕಿಳಿಯಿರಿ. ಹಸಿರು ಇದ್ದರೆ ನಿಮ್ಮ ಪಾಡಿಗೆ ನೀವಿರಿ. ಹವಾಮಾನ ಇಲಾಖೆ ಇಷ್ಟು ಸರಳವಾಗಿ ಬಣ್ಣ ಹಂಚಿದ್ದರೂ ನಮ್ಮ ಆ್ಯಂಕರುಗಳಿಗೆ ಇರುವುದು ಒಂದೇ ಗಂಟಲು. ಹಳದಿಗೇ ಅಷ್ಟು ಕಿರುಚಿದ ಮೇಲೆ ಕೆಂಪು ಬಂದ ದಿನ ಏನು ಮಾಡುತ್ತಾರೋ, ಬಹುಶಃ ಸ್ಟುಡಿಯೋಗೇ ಬೆಂಕಿ ಹಚ್ಚಿಕೊಳ್ಳಬೇಕಾದೀತು.

ಇಲಾಖೆಯ ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ‘ಒಂದೆರಡು ಕಡೆ’. ಮಳೆ ಅಳೆಯುವ ಕೇಂದ್ರಗಳಲ್ಲಿ ನಾಲ್ಕನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಅಂತ ಅದರ ಲೆಕ್ಕ. ‘ಭಾರಿ’ ಅಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರೊಳಗೆ 64.5ರಿಂದ 115.5 ಮಿ.ಮೀ. ಮಳೆ. ಅಂದರೆ ‘ಒಂದೆರಡು ಕಡೆ ಭಾರಿ ಮಳೆ’ ಎಂಬ ದಿನ ಮಳವಳ್ಳಿಯಲ್ಲಿ ಚರಂಡಿ ಉಕ್ಕಿ, ನಾಗಮಂಗಲದಲ್ಲಿ ದೂಳು ಎದ್ದರೂ ಇಲಾಖೆಯದು ಸುಳ್ಳಲ್ಲ. ಏಳು ತಾಲ್ಲೂಕಿಗೂ ಸೇರಿ ಒಂದೇ ಬಣ್ಣ ಬಳಿದಿರುತ್ತಾರೆ. ಸುದ್ದಿಮನೆಯ ಕತ್ತರಿ ಕೈಚಳಕ ಮೆಚ್ಚಬೇಕು: ಇಡೀ ವಾಕ್ಯದಲ್ಲಿ ‘ಒಂದೆರಡು ಕಡೆ’ ಮಾತ್ರ ಹುಡುಕಿ ಕತ್ತರಿಸಿ, ಉಳಿದದ್ದನ್ನೆಲ್ಲ ಓದುತ್ತಾರೆ.

ಚಂಡಮಾರುತದ ಹೆಸರಿನ ಸಂಭ್ರಮವಂತೂ ಬೇರೆಯೇ. 13 ದೇಶಗಳು ತಲಾ 13 ಹೆಸರು ಕೊಟ್ಟು, 2020ರಲ್ಲಿ 169 ಹೆಸರಿನ ಪಟ್ಟಿ ಬಂತು. ಗಾಳಿ ಗಂಟೆಗೆ 63 ಕಿ.ಮೀ. ಮುಟ್ಟಿದರೆ ಮಾತ್ರ ನಾಮಕರಣ, ಅದಕ್ಕಿಂತ ಕೆಳಗಿದ್ದರೆ ಅದು ಬರೀ ವಾಯುಭಾರ ಕುಸಿತ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಹತ್ತಿದ ‘ಫೆಂಗಲ್’ಗೆ ಹೆಸರಿಟ್ಟದ್ದು ಸೌದಿ ಅರೇಬಿಯಾ. ಒಂದೊಂದು ಚಾನೆಲ್ ಅದನ್ನು ಒಂದೊಂದು ಥರ ಕರೆಯಿತು. ದಡ ಹತ್ತಿದ ಮೇಲೆ ಸಮುದ್ರದ ಬಿಸಿ ನೀರಿನ ಆಹಾರ ತಪ್ಪಿ ಚಂಡಮಾರುತ ಸೊರಗುತ್ತದೆ. ನಮ್ಮ ಕಡೆ ಬರುವಷ್ಟರಲ್ಲಿ ಹೆಸರೂ ಇರುವುದಿಲ್ಲ, ಜೋರೂ ಇರುವುದಿಲ್ಲ, ಜಡಿಮಳೆ ಮತ್ತು ಮಂಕು ಬೆಳಕು ಮಾತ್ರ. ಆದರೂ ಟಿ.ವಿ.ಯಲ್ಲಿ ಅದು ಮದ್ದೂರು ದಾಟುವವರೆಗೂ ಚಂಡಮಾರುತವೇ.

ಇನ್ನು ಊಟಿಯ ‘ಹಿಮಪಾತ’. ಸ್ವಲ್ಪ ನಿಧಾನವಾಗಿ ನೋಡೋಣ, ಮೈಸೂರಿನ ಎಷ್ಟು ಸಂಸಾರಗಳು ಇದನ್ನು ನಂಬಿ ಕಾರು ಹತ್ತುತ್ತವೆ! ಅಲ್ಲಿ ಆಕಾಶದಿಂದ ಏನೂ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆಳೆತ್ತರದ ಥರ್ಮಾಮೀಟರು 2–3 ಡಿಗ್ರಿ ತೋರಿಸುವಾಗಲೇ ಹುಲ್ಲಿನ ತುದಿ ಸೊನ್ನೆಗಿಂತ ಕೆಳಗಿಳಿದಿರುತ್ತದೆ, ಗಾಳಿಯ ತೇವ ಅದರ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ತಣ್ಣನೆ ಗಾಳಿ ಭಾರ, ಅದು ತಗ್ಗಿಗೆ ಹರಿಯುತ್ತದೆ. ಹಾಗಾಗಿ ಕುದುರೆ ರೇಸಿನ ಮೈದಾನ, ತಲೈಕುಂದದಂಥ ಬಯಲು ಬೆಳ್ಳಗಾಗಿ, ಮೇಲಿನ ಇಳಿಜಾರು ಹಸಿರಾಗಿಯೇ ಇರುತ್ತದೆ. ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆಲ್ಲ ಮಾಯ.

ಈಗ ಮೈಸೂರಿನವರ ವೇಳಾಪಟ್ಟಿ ನೋಡಿ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಆರಕ್ಕೆ ಗೇಟು ತೆಗೆದ ಮೇಲೆ ಮುದುಮಲೆ ದಾಟಿ, ಘಾಟಿ ಹತ್ತಿ, ಮಧ್ಯೆ ಒಂದು ಮಗು ವಾಂತಿ ಮಾಡಿಕೊಂಡು, ಇ-ಪಾಸ್ ತೋರಿಸಿ ಊಟಿ ಮುಟ್ಟುವಷ್ಟರಲ್ಲಿ ಹಿಮ ನೀರಾಗಿ, ನೀರು ಆವಿಯಾಗಿ, ಅಲ್ಲಿಯವರು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ಮಿನಿ ಕಾಶ್ಮೀರ ನೋಡಲೇಬೇಕು ಅನ್ನುವವರು ಹಿಂದಿನ ದಿನವೇ ಹೋಗಿ ಉಳಿದುಕೊಂಡು, ಬೆಳಗ್ಗೆ ಆರಕ್ಕೆ ತಗ್ಗಿನ ಬಯಲಿಗಿಳಿಯಬೇಕು. ಅದಕ್ಕೂ ಮೊದಲು ಬಂಗಾಳಕೊಲ್ಲಿಯ ಕಡೆ ಒಮ್ಮೆ ನೋಡಬೇಕು. ಚಂಡಮಾರುತ ಹತ್ತಿರ ಬಂದರೆ ಮೋಡ ಕವಿಯುತ್ತದೆ, ಕಂಬಳಿ ಹೊದ್ದ ಹಾಗೆ ನೆಲದ ಬಿಸಿ ಒಳಗೇ ಉಳಿಯುತ್ತದೆ, ಹಿಮ ಕೂರುವುದಿಲ್ಲ. ಅಂದರೆ ಒಂದೇ ರಾತ್ರಿಗೆ ಚಂಡಮಾರುತದ ಮೋಡವನ್ನೂ ಊಟಿಯ ಹಿಮವನ್ನೂ ಕೊಡುವ ಸಾಮರ್ಥ್ಯ ಇರುವುದು ನ್ಯೂಸ್ ಚಾನೆಲ್ಲಿಗೆ ಮಾತ್ರ, ಪ್ರಕೃತಿಗೆ ಇಲ್ಲ.

ಅದೇ ಮೋಡದ ದಿನ ಮೈಸೂರಿನಲ್ಲಿ ‘ಕನಿಷ್ಠ ತಾಪಮಾನ ಕುಸಿತ’ ಅಂತ ಇನ್ನೊಂದು ಬ್ರೇಕಿಂಗ್. ಕುಸಿದಿರುವುದು ಗರಿಷ್ಠ, ಸ್ವಾಮಿ. ಬಿಸಿಲೇ ಇಲ್ಲದೆ ಹಗಲು 22ರ ಆಸುಪಾಸಿಗೆ ನಿಂತಿದೆ, ರಾತ್ರಿ ಮಾಮೂಲಿಗಿಂತ ಬೆಚ್ಚಗೇ ಇದೆ. ಮೈ ನಡುಗುವುದು ಹಗಲಲ್ಲಿ ಒದ್ದೆಯಾಗಿ ತಿರುಗುವುದಕ್ಕೆ.

ಇವರಿಗಿಂತ ನಮ್ಮ ಪಂಚಾಂಗವೇ ವಾಸಿ. ಯುಗಾದಿಯ ದಿನವೇ ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಭಾಗ, ಬೆಟ್ಟಕ್ಕೆ ಇಷ್ಟು, ಭೂಮಿಗೆ ಇಷ್ಟು ಅಂತ ಹಂಚಿ ಕೈತೊಳೆದುಕೊಳ್ಳುತ್ತದೆ. ಮಳೆ ಬರಲಿಲ್ಲ ಅಂದರೆ ಸಮುದ್ರದ ಭಾಗ ಜಾಸ್ತಿಯಾಯಿತು ಅಂದುಕೊಳ್ಳಬಹುದು. ರೈನ್‌ಕೋಟ್ ಹಾಕಿಕೊಂಡು ಮರೀನಾ ಬೀಚಿನಲ್ಲಿ ಕಿರುಚುವುದಂತೂ ಇಲ್ಲ.

ಅಲರ್ಟ್ ಬಂತು, ಆಡಳಿತ ಏನು ಮಾಡಿತು? ಶಾಲೆಗೆ ರಜೆ ಕೊಟ್ಟಿತು. ಅದೂ ಡಬ್ಬಿ ಕಟ್ಟಿ, ಮಗುವನ್ನು ವ್ಯಾನ್ ಹತ್ತಿಸಿದ ಮೇಲೆ ವಾಟ್ಸ್ಆ್ಯಪ್ಪಿನಲ್ಲಿ ಆದೇಶ. ರಜೆ ಕೊಟ್ಟ ದಿನ ಬಿಸಿಲು, ಕೊಡದ ದಿನ ಕುಂಭದ್ರೋಣ. ಮಕ್ಕಳು ಕ್ಷೇಮವಾಗಿರಲಿ, ಅದಕ್ಕೆ ತಕರಾರಿಲ್ಲ. ಆದರೆ ನವೆಂಬರ್ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಬಯಲಿನಲ್ಲಿ ಒದ್ದೆಯಾಗುವುದು ಯಾರು, ಏನು?

ಭತ್ತ. ತೆನೆಯಲ್ಲಿ ನೂರಕ್ಕೆ ಎಂಬತ್ತು ಕಾಳು ಹೊಂಬಣ್ಣಕ್ಕೆ ತಿರುಗಿದರೆ ಕಟಾವಿಗೆ ಸರಿ. ಮಳೆ ಸೂಚನೆ ಸಿಕ್ಕ ಕೂಡಲೇ ಬದುವಿನ ಗಂಡಿ ತೆಗೆದು ನೀರು ಬಸಿಯಬೇಕು. ತಡಮಾಡಿದರೆ ಬುಡ ಸಡಿಲವಾಗಿ ಪೈರು ಮಲಗುತ್ತದೆ, ಮಲಗಿದ ತೆನೆ ನೀರು ಮುಟ್ಟಿದರೆ ಮೂರ್ನಾಲ್ಕು ದಿನದಲ್ಲಿ ಅಲ್ಲೇ ಮೊಳಕೆ. ನಾಲೆ ನೀರು ತಡವಾಗಿ ಬಂದ ಕೊನೆ ಭಾಗದಲ್ಲಿ ಪೈರು ಇನ್ನೂ ತೆನೆ ಹೊಡೆಯುತ್ತಿರುತ್ತದೆ. ಅಲ್ಲಿ ಮೋಡ, ಮಂಜು, ಹತ್ತು ಗಂಟೆ ಒದ್ದೆ ಗರಿ ಸೇರಿದರೆ ತೆನೆಯ ಕುತ್ತಿಗೆಗೆ ಬೆಂಕಿ ರೋಗವೆಂಬ ಶಿಲೀಂಧ್ರ ಬೀಳುತ್ತದೆ. ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 0.6 ಗ್ರಾಂ ಬೆರೆಸಿ ಹೊಡೆಯಬೇಕು, ಹೊಡೆದ ಮೇಲೆ ನಾಲ್ಕಾರು ಗಂಟೆ ಮಳೆ ಬರಬಾರದು. ಆ ನಾಲ್ಕಾರು ಗಂಟೆ ಯಾವಾಗ ಸಿಗುತ್ತದೆ ಅನ್ನುವುದೇ ರೈತನಿಗೆ ಬೇಕಾದ ಮುನ್ಸೂಚನೆ. ಟಿ.ವಿ.ಯಲ್ಲಿ ಅಲೆ ಅಪ್ಪಳಿಸುತ್ತಲೇ ಇದೆ.

ಫೋನು ಹೋಗುವುದು ಕಟಾವು ಯಂತ್ರದವನಿಗೆ.

“ಅಣ್ಣೋ, ನಾಳಿಕ್ಕೆ ಗಾಡಿ ಕಳ್ಸಣ್ಣ, ಮಳೆ ಬತ್ತದಂತೆ.”

“ಟೈರ್ ಗಾಡಿ ಇಳಿಯಕಿಲ್ಲ ಕಣಪ್ಪ, ನೆಲ ಹಸಿ ಐತೆ. ಬೆಲ್ಟ್ ಗಾಡಿಗೆ ಇನ್ನೊಂದ್ ವಾರ ಕಾಯ್ಬೇಕು. ರೇಟೂ ಬ್ಯಾರೆ.”

ಹೇಗೋ ಕುಯ್ಸಿದ ಅನ್ನಿ. ಹಸಿ ಭತ್ತದಲ್ಲಿ ಶೇ. 22ರಷ್ಟು ತೇವ, ಖರೀದಿ ಕೇಂದ್ರಕ್ಕೆ ಬೇಕಾದ್ದು ಶೇ. 17. ಕಾಳು ಕಚ್ಚಿದರೆ ಹಲ್ಲಿಗೆ ಕಟ್ ಅನ್ನಬೇಕು, ಮೆತ್ತಗೆ ನುರಿದರೆ ವಾಪಸ್. 22ರಿಂದ 17ಕ್ಕೆ ಒಣಗಿಸಿದರೆ ಕ್ವಿಂಟಾಲಿಗೆ ಆರು ಕೆ.ಜಿ. ನೀರು ಹೋಗುತ್ತದೆ, ಅದಕ್ಕೆ ಎರಡು ಮೂರು ಒಳ್ಳೆ ಬಿಸಿಲು ಬೇಕು. ಬಿಸಿಲಿಲ್ಲ, ಹರಡಲು ಜಾಗವಿಲ್ಲ, ಅದಕ್ಕೇ ರಸ್ತೆಯಲ್ಲೇ ಕಣ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅಂತ ಬುದ್ಧಿ ಹೇಳಲು ಮಾತ್ರ ಅಧಿಕಾರಿಗಳು ತಪ್ಪದೆ ಬರುತ್ತಾರೆ. ಟಾರ್ಪಾಲಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿದವರಿಗೆಲ್ಲ ಟಾರ್ಪಾಲು ಇಲ್ಲ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಖರೀದಿ ಶುರುವಾಗುವುದು ಸಾಮಾನ್ಯವಾಗಿ ಹೊಸ ವರ್ಷ ಹುಟ್ಟಿದ ಮೇಲೆ. ಅಷ್ಟರಲ್ಲಿ ಒದ್ದೆ ಭತ್ತ ದಲ್ಲಾಳಿಯ ಲಾರಿ ಹತ್ತಿರುತ್ತದೆ, ಅವನು ಹೇಳಿದ ದರಕ್ಕೆ, ಅವನು ಕಳೆದಷ್ಟು ತೂಕಕ್ಕೆ.

ಐದು ದಿನ ಮೊದಲೇ ಗೊತ್ತಿತ್ತಲ್ಲ! ಉಪಗ್ರಹ ಇದೆ, ರಾಡಾರ್ ಇದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇದೆ. ಗೊತ್ತಿದ್ದೂ ಒಂದು ಎ.ಪಿ.ಎಂ.ಸಿ. ಗೋದಾಮಿನ ಬೀಗ ತೆಗೆಸಲು, ತಾಲ್ಲೂಕಿಗೆ ನಾಲ್ಕು ಡ್ರೈಯರ್ ತಂದಿಡಲು, ಖರೀದಿಯನ್ನು ಹದಿನೈದು ದಿನ ಮೊದಲೇ ಶುರುಮಾಡಲು ಯಾರ ಕೈಯಲ್ಲೂ ಆಗಲಿಲ್ಲ. ಇಷ್ಟೆಲ್ಲ ವಿಜ್ಞಾನ ಕೊನೆಗೆ ಸ್ಕೂಲ್ ವ್ಯಾನನ್ನು ಅರ್ಧ ದಾರಿಯಿಂದ ವಾಪಸ್ ಕಳಿಸಲಿಕ್ಕಾ?

ಬೆಳೆ ವಿಮೆ ಇದೆಯಲ್ಲ, ಅಂತೀರಿ. ಇದೆ. ಕಟಾವಾದ ಮೇಲೆ 14 ದಿನದವರೆಗೆ ಚಂಡಮಾರುತದ ಮಳೆಗೆ, ಅಕಾಲಿಕ ಮಳೆಗೆ ಪರಿಹಾರ ಉಂಟು. 72 ಗಂಟೆಯೊಳಗೆ ತಿಳಿಸಬೇಕು. ಷರತ್ತು ಒಂದೇ: ಕುಯ್ದ ಪೈರು ಗದ್ದೆಯಲ್ಲಿ ಹರಡಿರಬೇಕು ಅಥವಾ ಸಣ್ಣ ಕಂತೆಯಾಗಿ ಒಣಗುತ್ತಿರಬೇಕು. ಅಲರ್ಟ್ ಕೇಳಿ, ಮನೆಮಂದಿಯೆಲ್ಲ ರಾತ್ರಿಯಿಡೀ ಹೊತ್ತು, ಕಣಕ್ಕೆ ತಂದು ಮೆದೆ ಒಟ್ಟಿದವನ ಮೆದೆಯೊಳಗೆ ನೀರು ಇಳಿದರೆ ಅವನು ಈ ಲೆಕ್ಕಕ್ಕೇ ಬರುವುದಿಲ್ಲ. ಆಕಾಶ ನೋಡದೆ, ಟಿ.ವಿ. ಹಾಕದೆ, ಗದ್ದೆಯಲ್ಲೇ ಬಿಟ್ಟು ಮಲಗಿದವನು ಅರ್ಜಿ ಬರೆಯಬಹುದು.