ಪಾರ್ಸೆಲ್ ನವೆಂಬರ್‌ನಲ್ಲೇ ಕಳಿಸಿ

ಗಡಿಯಲ್ಲಿರುವ ಯೋಧರಿಗೆ ಕ್ರಿಸ್ಮಸ್ಸೇ ಇಲ್ಲ ಅಂತ ಬರೆದಿದ್ದೀರಿ. ಪೂರ್ತಿ ನಿಜ ಅಲ್ಲ ಸರ್. ನಾವು ಕೆಜಿಎಫ್‌ನವರು, ನನ್ನ ತಮ್ಮ ಸೇನೆಯಲ್ಲಿದ್ದಾನೆ. ಎಷ್ಟೋ ಯೂನಿಟ್‌ಗಳಲ್ಲಿ ಸರ್ವ ಧರ್ಮ ಸ್ಥಳ ಅಂತ ಒಂದೇ ಸೂರಿನಡಿ ಎಲ್ಲ ದೇವರಿಗೂ ಜಾಗ ಇರುತ್ತದೆ, ಪಾದ್ರಿಗಳನ್ನೂ ಸೇನೆಯೇ ನೇಮಿಸಿಕೊಳ್ಳುತ್ತದೆ. ದೀಪಾವಳಿಗೆ ಇವನು ಬೇರೆಯವರ ಡ್ಯೂಟಿ ಮಾಡುತ್ತಾನೆ, ಡಿಸೆಂಬರ್ 25ಕ್ಕೆ ಅವರು ಇವನದು. ಹೋದ ಸಲ ಕೇಕ್ ಸಿಗಲಿಲ್ಲ ಅಂತ ಪಂಜಾಬಿ ಹುಡುಗನೊಬ್ಬ ಹಲ್ವಾ ಮಾಡಿ, ಅದರ ಮೇಲೇ ಮೇಣದಬತ್ತಿ ನೆಟ್ಟನಂತೆ!

ಕಷ್ಟ ಜಾಸ್ತಿ ಮನೆಯವರಿಗೇ. ವಿಳಾಸದಲ್ಲಿ ಊರಿನ ಹೆಸರಿನ ಬದಲು 56 ಎಪಿಒ (ಸೇನೆಯ ಅಂಚೆ ಕಚೇರಿ), ಇಲ್ಲಾಂದ್ರೆ 99 ಎಪಿಒ ಅಂತಷ್ಟೇ ಇರುತ್ತದೆ, ಮಗ ಯಾವ ಬೆಟ್ಟದ ಮೇಲಿದ್ದಾನೋ ಅಮ್ಮನಿಗೆ ಗೊತ್ತಾಗುವುದಿಲ್ಲ. ನಮ್ಮ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಮನೆಮನೆಗೂ ನಕ್ಷತ್ರ ತೂಗುತ್ತಿರುವಾಗ ಅವರು ಫೋನ್ ಪಕ್ಕದಲ್ಲೇ ಕೂತಿರುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ, ಬಲವಂತ ಮಾಡಿದರೆ ನಮಗೇ ಬೈಗುಳ.

ಸಿಯಾಚಿನ್ ಕಡೆ ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ಹಾರುವುದಿಲ್ಲ. ಆಗ ಪಾರ್ಸೆಲ್ ತಲುಪೋಕೆ ಜನವರಿಯೂ ಆಗಬಹುದು. ಹಾಗಾಗಿ ಕಳಿಸುವವರು ನವೆಂಬರ್‌ನಲ್ಲೇ ಕಳಿಸಿ, ಅದೂ ತಗಡಿನ ಡಬ್ಬಿಯಲ್ಲಿ. ಹೂವಿನ ಅಚ್ಚಿನಲ್ಲಿ ಕರಿದ ರೋಸ್ ಕುಕ್ಕಿ ಸುಮ್ನೆ ಹಾಕಬೇಡಿ, ಪುಡಿಯಾಗುತ್ತದೆ. ಕಲ್‌ಕಲ್ (ಕ್ರಿಸ್ಮಸ್‌ಗೆ ಕರಿಯುವ ಸಿಹಿ ತಿಂಡಿ) ಆದ್ರೆ ತಡೆಯುತ್ತದೆ.