ನಾಲ್ಕು ದಿನ ಬರೋರಿಗೆ ಮನೆ ಇದೆ, ಇರೋಕೆ ಬರೋರಿಗೆ ಇಲ್ಲ

ಗೋವಾದಲ್ಲಿ ಒಂದು ಬಾಡಿಗೆ ಮನೆ ಹುಡುಕೋದು ಇಷ್ಟು ಅವಮಾನದ ಕೆಲಸ ಅಂತ ನಮಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಒಳಗೆ ಇಟ್ಟುಕೊಂಡು ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಇಷ್ಟು ವರ್ಷ ಮಸ್ಕತ್‌ನಲ್ಲಿ ಇದ್ದವರು. ನನ್ನ ತವರು ಬೆಳಗಾವಿಯ ಶಹಾಪುರ. ಅಪ್ಪನಿಗೆ ಮೊಣಕಾಲು ನೋವು, ಅವ್ವನಿಗೆ ಶುಗರ್, ಇಬ್ಬರೇ ಇರುತ್ತಾರೆ. ರಾತ್ರಿ ಫೋನ್ ಬಂದರೆ ಬೆಳಗಾಗುವಷ್ಟರಲ್ಲಿ ಮನೆ ಮುಟ್ಟಬೇಕು ಅನ್ನೋದು ಒಂದೇ ಆಸೆ. ಹಾಗಾಗಿ ವೆರ್ಣಾದ ಕೈಗಾರಿಕಾ ಪ್ರದೇಶದಲ್ಲಿ, ಔಷಧಿ ಕಂಪನಿಯೊಂದರ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಾಗ ಎರಡನೇ ಸಲ ಯೋಚನೆ ಮಾಡಲಿಲ್ಲ. ವೆರ್ಣಾಕ್ಕೆ ಹತ್ತಿರ, ಮಡಗಾಂವ್‌ನ ಶಾಲೆ ಆಸ್ಪತ್ರೆಗಳಿಗೂ ಹತ್ತಿರ ಅಂತ ಬೀಚ್ ಪಕ್ಕದ ಕೋಲ್ವಾ, ಬಾಣಾವಲಿ ಕಡೆ ಮನೆ ನೋಡೋಕೆ ಶುರು ಮಾಡಿದೆವು. ಸಮುದ್ರ ಕಾಣೋ ಬಾಲ್ಕನಿ ನಮಗೆ ಬೇಕಿರಲಿಲ್ಲ. ಎರಡು ರೂಮು, ಒಂದು ಅಡುಗೆಮನೆ, ಸರಿಯಾಗಿ ನೀರು ಬರೋ ನಲ್ಲಿ ಇದ್ದರೆ ಸಾಕಿತ್ತು.

ಮಸ್ಕತ್‌ನಿಂದಲೇ ಫೋನ್ ಮಾಡುತ್ತಿದ್ದೆ. ಯಾರಿಗೇ ಮಾಡಲಿ, ಮೊದಲ ಪ್ರಶ್ನೆ ಒಂದೇ. ಎಷ್ಟು ತಿಂಗಳಿಗೆ? ವರ್ಷಪೂರ್ತಿ ಅಂದ ತಕ್ಷಣ ಅವರ ದನಿಯೇ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇರಿ, ಬಾಡಿಗೆ ಕಮ್ಮಿ ಮಾಡುತ್ತೇವೆ, ಅಕ್ಟೋಬರ್‌ಗೆ ಖಾಲಿ ಮಾಡಿ, ಬೇಕಿದ್ದರೆ ಮುಂದಿನ ಜೂನ್‌ಗೆ ಮತ್ತೆ ಬನ್ನಿ. ಇದನ್ನ ಎರಡು ಮಕ್ಕಳಿರೋ ಹೆಂಗಸಿಗೆ ಹೇಳುತ್ತಾರೆ! ಮಕ್ಕಳು ಶಾಲೆಗೆ ಹೋಗುತ್ತವೆ ಅಂದರೆ, ಅಕ್ಟೋಬರ್‌ನಿಂದ ಪ್ರವಾಸಿಗರ ಸೀಸನ್, ಆಗ ಬೇರೆ ಕಡೆ ನೋಡಿಕೊಳ್ಳಿ ಮೇಡಂ ಅಂತಾರೆ. ಎಲ್ಲಿ ನೋಡಿಕೊಳ್ಳಲಿ? ಆ ಬೇರೆ ಕಡೆಯವರೂ ಅದೇ ಅಕ್ಟೋಬರ್‌ಗೆ ಬಾಡಿಗೆದಾರರನ್ನ ಹೊರಗೆ ಹಾಕುತ್ತಾರಲ್ವಾ?

ಮಳೆಗಾಲದಲ್ಲಿ ಬೀಚ್ ಪಕ್ಕದ ಫ್ಲ್ಯಾಟ್ ಹೇಗಿರುತ್ತೆ ಅಂತ ಇದ್ದವರಿಗೆ ಗೊತ್ತು. ಗೋಡೆಗೆ ಬೂಷ್ಟು ಹಿಡಿಯುತ್ತದೆ, ಕಪಾಟಿನಲ್ಲಿಟ್ಟ ಬಟ್ಟೆ ಮುಗ್ಗಲು ವಾಸನೆ, ಉಪ್ಪು ಗಾಳಿಗೆ ಗ್ರಿಲ್ಲು, ಚಿಲಕ, ಗ್ಯಾಸ್ ಒಲೆ ಎಲ್ಲ ತುಕ್ಕು, ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಆ ನಾಲ್ಕು ತಿಂಗಳು ಮನೆ ಮುಚ್ಚಿಟ್ಟರೆ ಹಾಳಾಗುತ್ತದೆ ಅಂತ ಅವರಿಗೂ ಗೊತ್ತು. ಅದಕ್ಕೇ ನಮ್ಮಂಥ ಸಂಸಾರಸ್ಥರನ್ನ ಕೂರಿಸಿ, ದಿನಾ ಕಿಟಕಿ ತೆಗೆಸಿ, ನೆಲ ಒರೆಸಿಸಿ, ಮೇಲೆ ಬಾಡಿಗೆಯನ್ನೂ ತೆಗೆದುಕೊಂಡು, ಬಿಸಿಲು ಬಂದಾಗ ಹೊರಡಿ ಅನ್ನೋದು. ಕಾವಲುಗಾರನಿಗೆ ಸಂಬಳ ಕೊಡುತ್ತಾರೆ. ನಾವು ಕಾವಲಿದ್ದು ನಾವೇ ದುಡ್ಡು ಕೊಡಬೇಕು.

ಇನ್ನು ಬಾಡಿಗೆ ವಿಷಯ. ನನ್ನ ನಂಬರ್ 968ರಿಂದ ಶುರುವಾಗುತ್ತದೆ, ಒಮಾನ್‌ದು. ಬಾಣಾವಲಿಯ ಒಂದು ಫ್ಲ್ಯಾಟ್‌ಗೆ ನನಗೆ ಹೇಳಿದ್ದು ತಿಂಗಳಿಗೆ 38,000. ಯಾಕೋ ಅನುಮಾನ ಬಂದು ತಮ್ಮನಿಗೆ ಅದೇ ಜಾಹೀರಾತು ಕಳಿಸಿದೆ. ಅವನು ಬೆಳಗಾವಿಯಿಂದ ತನ್ನ ನಂಬರ್‌ನಿಂದ ಕೇಳಿದರೆ 24,000. ಅದೇ ಕಟ್ಟಡ, ಅದೇ ಮಹಡಿ, ಅದೇ ಕೆಂಪು ಸೋಫಾ ಇರೋ ಫೋಟೋ. ಹೊರದೇಶದಲ್ಲಿ ಇರೋರು ಅಂದರೆ ದುಡ್ಡು ಮರದಲ್ಲಿ ಬೆಳೆಯುತ್ತೆ ಅಂದುಕೊಂಡಿದ್ದಾರೆ. ಅಲ್ಲಿ 45 ಡಿಗ್ರಿ ಬಿಸಿಲಲ್ಲಿ ದುಡಿದು, ರಿಯಾಲ್ ರಿಯಾಲ್ ಉಳಿಸಿ, ಕೆಲಸ ಬಿಟ್ಟು ವಾಪಸ್ ಬರೋ ಮನುಷ್ಯರ ಕೈಯಲ್ಲಿ ಎಷ್ಟಿರುತ್ತೆ ಅಂತ ಯಾರೂ ಕೇಳಲ್ಲ. ನಮ್ಮ ಮನೆಯವರಿಗೆ ಇಲ್ಲಿ ಇನ್ನೂ ಕೆಲಸವೇ ಸಿಕ್ಕಿಲ್ಲ.

ದಲ್ಲಾಳಿಗಳ ಬಗ್ಗೆ ಹೇಳಲೇಬೇಕು. ಒಬ್ಬ ನಮ್ಮ ಕಡೆಯವನೇ, ಕನ್ನಡ ಮಾತಾಡಿದ. ನನಗೆ ಎಷ್ಟು ಖುಷಿ ಆಯಿತು ಅಂದರೆ, ಊರವರು ಸಿಕ್ಕರಪ್ಪ, ಇನ್ನು ಚಿಂತೆ ಇಲ್ಲ ಅಂತ ಮನೆಯವರಿಗೂ ಹೇಳಿದೆ. "ಅಕ್ಕಾರ, ನೀವು ನಮ್ಮ ಮಂದಿ, ನಿಮಗ ಸುಳ್ಳು ಹೇಳಂಗಿಲ್ಲ, ಟೋಕನ್ ಹಾಕ್ರಿ, ಇಲ್ಲಾಂದ್ರ ಸಂಜೀಕೆ ಮನಿ ಹೋಗ್ತದ" ಅಂದ. ಮನೆ ನೋಡದೆ ದುಡ್ಡು ಹಾಕಲ್ಲ, ನಾಳೆ ನನ್ನ ತಮ್ಮ ಬರುತ್ತಾನೆ, ಅವನಿಗೆ ತೋರಿಸಿ, ಆಮೇಲೆ ಅಲ್ಲೇ ನಿಂತು ಕೊಡುತ್ತೇವೆ ಅಂದೆ. ನೋಡೋಕೂ ಮೊದಲು ಟೋಕನ್ ಬೇಕಂತೆ! ಕೊಡಲ್ಲ ಅಂದಿದ್ದಕ್ಕೆ ಫೋನ್ ಎತ್ತೋದನ್ನೇ ಬಿಟ್ಟ. ಸಮುದ್ರದಾಚೆ ಕೂತವರು ಬಂದು ಜಗಳ ಆಡಲ್ಲ ಅನ್ನೋದು ಇವರ ಧೈರ್ಯ. ಊರ ಮಾತು ಆಡಿ, ಅಕ್ಕ ಅಂತ ಕರೆದು ಹೀಗೆ ಮಾಡಿದ್ದು ನನಗೆ ಇವತ್ತಿಗೂ ಉರಿಯುತ್ತದೆ.

ತಮ್ಮ ಪಾಪ, ಮಳೆಯಲ್ಲಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಮನೆ ನೋಡೋಕೆ ಗೋವಾಕ್ಕೆ ಹೋದ. ಕಣಕುಂಬಿ ಮಳೆ ಗೊತ್ತಲ್ಲ, ವೈಪರ್ ಹಾಕಿದರೂ ಮುಂದಿನ ತಿರುವು ಕಾಣಲ್ಲ. ಅವನು ಅಂಗಡಿ ಮುಚ್ಚಿ ಹೋಗಬೇಕು, ಆ ದಿನದ ವ್ಯಾಪಾರ ಹೋಯಿತು ಅಂತಲೇ ಲೆಕ್ಕ. ಅಲ್ಲಿ ಹೋದರೆ ಫೋಟೋದಲ್ಲಿದ್ದ ಮನೆ ಬೇರೆ, ತೋರಿಸಿದ ಮನೆ ಬೇರೆ. ಒಂದು ಕಡೆ ನಲ್ಲಿ ತಿರುಗಿಸಿದರೆ ಬೋರ್ ನೀರು, ಬಾಯಿಗೆ ಹಾಕಿದರೆ ಉಪ್ಪು. ಇನ್ನೊಂದು ಕಡೆ ಮನೆ ಚೆನ್ನಾಗಿತ್ತು, ಪಕ್ಕದ ಮನೆ ಅಜ್ಜಿ ಚಹಾ ಕೊಟ್ಟು ಕೂರಿಸಿದರು, ಅವರೇ ಮೆಲ್ಲಗೆ ಹೇಳಿದರಂತೆ, ಈ ಮನೆ ಅಣ್ಣತಮ್ಮ ಅಕ್ಕತಂಗಿ ಎಲ್ಲರ ಹೆಸರಲ್ಲಿದೆ, ಒಬ್ಬರು ಪೋರ್ಚುಗಲ್‌ನಲ್ಲಿ, ಒಬ್ಬರು ಲಂಡನ್‌ನಲ್ಲಿ, ನಿಮಗೆ ಬಾಡಿಗೆ ಮಾತಾಡುತ್ತಿರೋನಿಗೆ ಸಹಿ ಮಾಡೋ ಅಧಿಕಾರವೇ ಇಲ್ಲ ಅಂತ. ಆ ಅಜ್ಜಿಗೆ ಪುಣ್ಯ ಬರಲಿ. ಮತ್ತೊಂದು ಕಟ್ಟಡದಲ್ಲಿ ಗೇಟಿನ ಹತ್ತಿರವೇ ನಿಲ್ಲಿಸಿದರು. ಗಾಡಿಯ ಮೇಲೆ ಕೆಎ 22 ಅನ್ನೋ ಬೆಳಗಾವಿ ನಂಬರ್ ನೋಡಿ, ಕೂಲಿ ಕೆಲಸದವರಿಗೆ ಇಲ್ಲಿ ಮನೆ ಕೊಡಲ್ಲ ಅಂದರಂತೆ. ಕೂಲಿ ಮಾಡೋರಾದರೆ ಏನು ತಪ್ಪು? ಅವರ ಹೋಟೆಲ್ ಕಟ್ಟಿದವರು ಯಾರು, ರಸ್ತೆ ಹಾಕಿದವರು ಯಾರು? ದಿನಾ ಬೆಳಗಾವಿಯಿಂದ ಲಾರಿಗಟ್ಟಲೆ ಕಾಯಿಪಲ್ಯ ಆ ಘಾಟ್ ಇಳಿಯುತ್ತದೆ. ಅದನ್ನ ತರೋ ಗಾಡಿ ಮೇಲೂ ಕೆಎ ಅಂತಲೇ ಇರುತ್ತೆ.

ಕಾಗದಪತ್ರದ್ದು ಇನ್ನೊಂದು ಕಥೆ. ಒಬ್ಬ ಮಾಲೀಕರು ಸಿ ಫಾರ್ಮ್ ತುಂಬಬೇಕಾಗುತ್ತೆ, ನನಗೆ ತಾಪತ್ರಯ ಬೇಡ ಅಂದರು. ಸಿ ಫಾರ್ಮ್ ಇರೋದು ವಿದೇಶಿ ಪ್ರಜೆಗಳಿಗೆ, ಅವರು ಬಂದ 24 ಗಂಟೆಯೊಳಗೆ ಮನೆ ಕೊಟ್ಟವರು ತುಂಬಬೇಕು. ನಾವು ನಾಲ್ಕೂ ಜನ ಭಾರತದ ಪಾಸ್‌ಪೋರ್ಟ್‌ನವರು ಸ್ವಾಮಿ, ಮಕ್ಕಳು ಮಸ್ಕತ್‌ನಲ್ಲಿ ಹುಟ್ಟಿದರೂ ಭಾರತೀಯರೇ ಅಂತ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬರು ಅಗ್ರಿಮೆಂಟೇ ಬೇಡ, ನಂಬಿಕೆ ಮೇಲೆ ಇರಿ, ಬಾಡಿಗೆ ಕ್ಯಾಶ್ ಕೊಡಿ ಅಂದರು. ಒಮಾನ್ ನಂಬರ್ ಇದ್ದರೂ ಎನ್‌ಆರ್‌ಇ ಖಾತೆಯಿಂದ, ಅಂದರೆ ಹೊರದೇಶದಲ್ಲಿರೋ ಭಾರತೀಯರ ಬ್ಯಾಂಕ್ ಖಾತೆಯಿಂದ, ಯುಪಿಐ ಮಾಡೋಕೆ 2023ರಲ್ಲೇ ಅವಕಾಶ ಬಂದಿದೆ, ಬ್ಯಾಂಕಿಗೇ ಹಾಕುತ್ತೇನೆ ಅಂದರೆ ಬೇಡವಂತೆ. ಅಗ್ರಿಮೆಂಟ್ ಇಲ್ಲದೆ ಗ್ಯಾಸ್ ಕನೆಕ್ಷನ್‌ಗೆ ಏನು ತೋರಿಸಲಿ? ಬ್ಯಾಂಕಿನಲ್ಲಿ ವಿಳಾಸ ಹೇಗೆ ಬದಲಾಯಿಸಲಿ? ಬಾಡಿಗೆದಾರರ ವಿವರ ಪೊಲೀಸರಿಗೆ ಕೊಡೋದು ಗೋವಾದಲ್ಲಿ ಕಡ್ಡಾಯ, ಅದನ್ನೂ ಕೊಡಲ್ಲ ಅಂತಾರೆ. ಆಫೀಸಿನಲ್ಲಿ ಬಾಡಿಗೆಯ ತೆರಿಗೆ ವಿನಾಯಿತಿ ಕೇಳಬೇಕಾದರೆ, ವರ್ಷಕ್ಕೆ 1 ಲಕ್ಷ ದಾಟಿದ ಬಾಡಿಗೆಗೆ ಮಾಲೀಕರ ಪ್ಯಾನ್ ನಂಬರ್ ಬೇಕು. ಪ್ಯಾನ್ ಅಂದಿದ್ದಕ್ಕೆ ಫೋನ್ ಕಟ್ ಮಾಡಿದರು. ನಾವು ತೆರಿಗೆ ಕಟ್ಟೋರು, ಎಲ್ಲ ನೇರವಾಗಿ ಇರಲಿ ಅನ್ನೋರು. ನಾವೇ ಅನುಮಾನದವರು ಆಗಿಬಿಟ್ಟೆವು.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತು. ಬರವಣಿಗೆಯಲ್ಲಿ ಕರಾರು ಇರಲೇಬೇಕು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳಬಾರದು ಅಂತ ಅದರಲ್ಲಿದೆ. ಆದರೆ ರಾಜ್ಯ ಒಪ್ಪಿ ತನ್ನ ಕಾಯ್ದೆ ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಅಲ್ಲಿ ತನಕ 11 ತಿಂಗಳ ಅಗ್ರಿಮೆಂಟ್, ಯಾಕೆಂದರೆ ಒಂದು ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು. ನಮಗೆ ಆ 11 ತಿಂಗಳೂ ಸಿಗುತ್ತಿಲ್ಲ ಅನ್ನೋದೇ ಸಂಕಟ.

ಗೋವಾದ ಜನರ ಮೇಲೆ ನನಗೆ ದ್ವೇಷ ಇಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೂ ತಮ್ಮ ಊರಲ್ಲೇ ಬಾಡಿಗೆ ಮನೆ ಸಿಗುತ್ತಿಲ್ಲ. ಹೊಸದಾಗಿ ಸೇರೋ ನರ್ಸ್, ಟೀಚರ್ ಎಲ್ಲರದೂ ಇದೇ ಪಾಡು ಅಂತ ನನ್ನ ಜೊತೆ ಕೆಲಸ ಮಾಡಬೇಕಾದ ಹುಡುಗಿಯೇ ಹೇಳಿದಳು, ಅವಳು ಅಲ್ಲಿಯವಳೇ. ಪ್ರವಾಸಿಗರಿಗೆ ಕೊಡೋ ಮನೆಯನ್ನ ನೋಂದಣಿ ಮಾಡಿಸಬೇಕು ಅಂತ 1982ರ ಪ್ರವಾಸೋದ್ಯಮ ಕಾಯ್ದೆ ಇದೆ. ಮನೆ ಅವರದು, ಕಾಯ್ದೆ ಪಾಲಿಸಿ ಪ್ರವಾಸಿಗರಿಗೇ ಕೊಡಲಿ, ನಾನು ಬೇಡ ಅನ್ನಲ್ಲ. ಆದರೆ ಜಾಹೀರಾತಿನಲ್ಲೇ ಬರೆಯಿರಿ, ಈ ಮನೆ ಸೆಪ್ಟೆಂಬರ್ ತನಕ ಮಾತ್ರ ಅಂತ. "ಫ್ಯಾಮಿಲಿಗೆ ಸೂಕ್ತ, ದೀರ್ಘ ಅವಧಿಗೆ" ಅಂತ ಹಾಕಿ, ನನ್ನ ತಮ್ಮನನ್ನ ಆ ಮಳೆಯಲ್ಲಿ ಓಡಿಸಿ, ಎಲ್ಲ ಮಾತಾಗಿ ಡೆಪಾಸಿಟ್ ಎಣಿಸೋ ಹೊತ್ತಿಗೆ ಅಕ್ಟೋಬರ್ ಮಾತು ತೆಗೆಯೋದು ಮೋಸ. ಇದಕ್ಕೆ ನನ್ನ ಹತ್ತಿರ ಬೇರೆ ಹೆಸರಿಲ್ಲ.

ಈಗ ಎಲ್ಲರೂ ಅಪ್ಪನ ಮನೆಯಲ್ಲಿದ್ದೇವೆ. ಹಡಗಿನಲ್ಲಿ ಬಂದ ಸಾಮಾನು ಪಡಸಾಲೆ ತುಂಬ ಡಬ್ಬದಲ್ಲೇ ಇದೆ, ಅಪ್ಪ ಕೋಲು ಹಿಡಿದು ಅದರ ನಡುವೆ ಓಡಾಡೋದು ನೋಡೋಕಾಗಲ್ಲ. ಮುಂದಿನ ತಿಂಗಳು ನಾನು ಕೆಲಸಕ್ಕೆ ಸೇರಲೇಬೇಕು. ಮನೆ ಸಿಗದಿದ್ದರೆ ನಾನೊಬ್ಬಳೇ ಪಿಜಿಯಲ್ಲಿ ಇರೋದು, ಮಕ್ಕಳು ಇಲ್ಲೇ, ಇದಕ್ಕಾ ನಾವು ವಾಪಸ್ ಬಂದಿದ್ದು?

ಮಡಗಾಂವ್, ನುವೆಂ, ವೆರ್ಣಾ ಸುತ್ತಮುತ್ತ, ಸಮುದ್ರದಿಂದ ಎಷ್ಟು ದೂರ ಆದರೂ ಸರಿ, ಹನ್ನೆರಡೂ ತಿಂಗಳು ಇರೋಕೆ ಬಿಡುವ, ಅಗ್ರಿಮೆಂಟ್ ಮಾಡಿಕೊಡುವ ಮನೆಯವರು ಯಾರಾದರೂ ಗೊತ್ತಿದ್ದರೆ ಹೇಳಿ. ಎರಡು ತಿಂಗಳ ಡೆಪಾಸಿಟ್ ಅವತ್ತೇ ಬ್ಯಾಂಕಿಗೆ ಹಾಕುತ್ತೇವೆ. ನೋಡೋಕೆ ಈ ಸಲ ನಾನೇ ಬರುತ್ತೇನೆ. ದಲ್ಲಾಳಿಗಳು ದಯವಿಟ್ಟು ಬೇಡ.