ಲಂಡನ್ನಿನ ಅಳಿಯ, ಮೀರ್‌ಪುರದ ಮುಳುಗಡೆ

ಬಾಗಲಕೋಟೆ ನವನಗರದ ಚಾದಂಗಡಿಗಳಲ್ಲಿ ಮೊದಲ ಪಾತ್ರೆ ಚಾ ಕುದಿಯುವ ಮೊದಲೇ ಮೊಬೈಲುಗಳಲ್ಲಿ ಒಂದು ಸಂದೇಶ ಕುದಿದಿರುತ್ತದೆ. ಊರ ಜಾತ್ರೆಯ ಹಾಗೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ಬರುವಂಥದ್ದು. “ಒಂದೇ ಮಣ್ಣು, ಒಂದೇ ರಕ್ತ. 1947ರಾಗ ಬ್ಯಾರೆ ಆದ್ರು. ಇಬ್ಬರೂ ಬರಿಗೈಲೆ ಇಂಗ್ಲೆಂಡಿಗೆ ಹೋದ್ರು. ನಮ್ಮವರು ಪ್ರಧಾನಮಂತ್ರಿ ಆದ್ರು, ಪಾಕಿಸ್ತಾನದವರು ಟ್ಯಾಕ್ಸಿ ಹೊಡೀಲಿಕ್ಕೆ ಹತ್ತಿದ್ರು. ಯಾಕ? ವಿಚಾರ ಮಾಡ್ರಿ.” ಕೆಳಗೆ ಕೈಮುಗಿದ ಚಿತ್ರ ಮೂರು, ಬಾವುಟ ಒಂದು.

‘ವಿಚಾರ ಮಾಡ್ರಿ’ ಎಂದರೆ ವಿಚಾರ ಮಾಡುತ್ತ ಕೂಡ್ರದೆ ಇನ್ನೈದು ಗುಂಪಿಗೆ ಕಳಿಸಿರಿ ಎಂದರ್ಥ. ಕಳಿಸಿಯೂ ಆಗಿರುತ್ತದೆ.

ಪ್ರಧಾನಮಂತ್ರಿ ಅಂದರೆ ಹೊರಗಿನವರೇನಲ್ಲ. ರಿಷಿ ಸುನಕ್ ಅವರ ಅತ್ತೆ ಹುಟ್ಟಿದ್ದು ಶಿಗ್ಗಾವಿಯಲ್ಲಿ. ಆ ಲೆಕ್ಕಕ್ಕೆ ಅವರು ನಮ್ಮ ಕಡೆಯ ಅಳಿಯ. ಅಳಿಯತನಕ್ಕೂ ಅವಧಿ ಇರುತ್ತದೆ ಎಂದು ಆಮೇಲೆ ಗೊತ್ತಾಯಿತು. 2022ರ ಅಕ್ಟೋಬರಿನಲ್ಲಿ ಅಚ್ಚ ಭಾರತೀಯರಾಗಿದ್ದವರು 2024ರ ಜುಲೈಯಲ್ಲಿ ಚುನಾವಣೆ ಸೋತ ಮರುದಿನ ಅಚ್ಚ ಬ್ರಿಟಿಷರಾಗಿಬಿಟ್ಟರು.

ಇಂಥ ಹೋಲಿಕೆ ತಯಾರಿಸಲು ಕೈ ಪಳಗಿರಬೇಕು. ಇಬ್ಬರೂ ವಿಮಾನದಿಂದ ಇಳಿದ ಗಳಿಗೆಗಿಂತ ಹಿಂದಿನದನ್ನೆಲ್ಲ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒಂದು ಚೂರು ಉಳಿದರೂ ಇಡೀ ಅಡುಗೆ ಕೆಡುತ್ತದೆ.

ಉದಾಹರಣೆಗೆ ‘ಬರಿಗೈ’ ಎಂಬ ಪದ. 1972ರ ಆಗಸ್ಟಿನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಯ ಏಷ್ಯನ್ನರಿಗೆ 90 ದಿನದ ಗಡುವು ಕೊಟ್ಟು ಓಡಿಸಿದ. ಸುಮಾರು 28 ಸಾವಿರ ಮಂದಿ ಬ್ರಿಟನ್ನಿಗೆ ಬಂದರು. ಕೈಯಲ್ಲಿ ಒಯ್ಯಲು ಬಿಟ್ಟದ್ದು 50 ಪೌಂಡಿನಷ್ಟು. ಬರಿಗೈ ಹೌದು, ಸುಳ್ಳಲ್ಲ. ಆದರೆ ಇವರಲ್ಲಿ ಬಹಳ ಮಂದಿ ಗುಜರಾತಿ ವ್ಯಾಪಾರಸ್ಥರು, ಗುಮಾಸ್ತರು, ಮಾಸ್ತರರು. ಕಿಸೆಯಲ್ಲಿ 50 ಪೌಂಡು, ತಲೆಯಲ್ಲಿ ಎರಡು ತಲೆಮಾರಿನ ಕಿರ್ದಿ-ಖಾತೆ, ಬಾಯಲ್ಲಿ ಇಂಗ್ಲಿಷ್. ಅಮೀನ್ ಅಂಗಡಿ ಕಿತ್ತುಕೊಂಡ, ಅಂಗಡಿ ನಡೆಸುವ ಬುದ್ಧಿಯನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿಡಿಯಲಾಗಲಿಲ್ಲ. ನಮ್ಮ ಅಳಿಯನ ಕತೆಯೂ ಅಷ್ಟೇ: ತಂದೆ ಕೀನ್ಯಾದಲ್ಲಿ ಹುಟ್ಟಿದವರು, ಬ್ರಿಟನ್ನಿನಲ್ಲಿ ಡಾಕ್ಟರು; ತಾಯಿ ಇಂದಿನ ತಾಂಜಾನಿಯಾದಲ್ಲಿ ಹುಟ್ಟಿದವರು, ಸೌತಾಂಪ್ಟನ್ನಿನಲ್ಲಿ ಔಷಧಿ ಅಂಗಡಿ ನಡೆಸಿದವರು. ಡಾಕ್ಟರ ಮಗ ಮುಂದೆ ಬಂದ ಎಂಬ ಸುದ್ದಿಯನ್ನು ಬಾಗಲಕೋಟೆಯಲ್ಲಿ ಯಾರಾದರೂ ಐದು ಗುಂಪಿಗೆ ಕಳಿಸುತ್ತಾರೆಯೇ?

ಇಂಗ್ಲೆಂಡಿನ ಲೆಸ್ಟರ್ ಊರಿನ ಮಾತನ್ನಂತೂ ಎತ್ತಲೇಬಾರದು. ಅದೇ 1972ರಲ್ಲಿ ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಗೇ ಜಾಹೀರಾತು ಕೊಟ್ಟು, ಮನೆಯಿಲ್ಲ, ಶಾಲೆಯಲ್ಲಿ ಜಾಗವಿಲ್ಲ, ದಯವಿಟ್ಟು ನಮ್ಮೂರಿಗೆ ಬರಬೇಡಿ ಎಂದಿತ್ತು. ಜನ ಬಂದರು. ಬಂದವರ ಅಂಗಡಿಗಳೇ ಇವತ್ತು ಆ ಊರಿನ ಶೋಭೆ. ಮೂಗು ಮುರಿದ ಮನೆಯಲ್ಲೇ ಸೊಸೆ ಯಜಮಾನಿಯಾದ ಹಾಗೆ.

ಇನ್ನು ಎರಡನೆಯ ಕಡೆಯವರು. ಬಾಗಲಕೋಟೆಯ ಓದುಗರು ಇಲ್ಲಿ ಸ್ವಲ್ಪ ಚಾ ಬದಿಗಿಟ್ಟು ಓದಬೇಕು.

ಬ್ರಿಟನ್ನಿನ ಪಾಕಿಸ್ತಾನಿಗಳಲ್ಲಿ ಬಹುಪಾಲು ಕರಾಚಿಯವರಲ್ಲ, ಲಾಹೋರಿನವರೂ ಅಲ್ಲ. ಪಾಕಿಸ್ತಾನದ ವಶದಲ್ಲಿರುವ ಕಾಶ್ಮೀರದ ಮೀರ್‌ಪುರ ಎಂಬ ಗುಡ್ಡಗಾಡು ಜಿಲ್ಲೆಯವರು. ಸಿಂಧೂ ಜಲ ಒಪ್ಪಂದಕ್ಕೆ 1960ರಲ್ಲಿ ಸಹಿ ಬಿತ್ತು. ಅದರ ಬೆನ್ನಿಗೇ ಝೇಲಂ ನದಿಗೆ ಮಂಗಲಾ ಅಣೆಕಟ್ಟು ಎದ್ದಿತು, 1967ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಳೇ ಮೀರ್‌ಪುರ ಪಟ್ಟಣವೂ ಸುತ್ತಲಿನ ನೂರಾರು ಹಳ್ಳಿಗಳೂ ಹೋದವು. ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟರು. ದಂಡೆಯ ಮೇಲೆ ಹೊಸ ಮೀರ್‌ಪುರ ಕಟ್ಟಿದರು. ನೀರು ಇಳಿದಾಗ ಹಳೇ ಊರಿನ ಗುಡಿ, ದರ್ಗಾ ತಲೆ ಎತ್ತುತ್ತವೆ. ಜನ ಹೋಗಿ ನೋಡಿ ಬರುತ್ತಾರೆ.

ಎಲ್ಲೋ ಕೇಳಿದಂತಿದೆಯಲ್ಲ? ನದಿಯ ಹೆಸರಲ್ಲಿ ಝೇಲಂ ತೆಗೆದು ಕೃಷ್ಣಾ ಬರೆಯಿರಿ, ಮಂಗಲಾ ಇದ್ದಲ್ಲಿ ಆಲಮಟ್ಟಿ ಬರೆಯಿರಿ, ಹೊಸ ಮೀರ್‌ಪುರದ ಬೋರ್ಡು ಕಿತ್ತು ನವನಗರದ ಬೋರ್ಡು ಹಚ್ಚಿರಿ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಡುವಾಗ ಅಲ್ಲಿ ಝೇಲಂ ದಂಡೆಯಲ್ಲಿ ಮಣ್ಣು ಹೊರುವ ಯಂತ್ರಗಳು ಆಗಲೇ ಓಡಾಡುತ್ತಿದ್ದವು. ಆಮೇಲೆ ನಮ್ಮಲ್ಲೂ ಹಣೆಬರಹ ಮೀಟರಿನಲ್ಲಿ ಬರೆಯಲ್ಪಟ್ಟಿತು: ಅಣೆಕಟ್ಟಿನ ಈಗಿನ ನೀರಿನ ಮಟ್ಟ 519.60ರ ಕೆಳಗಿದ್ದವನ ಮನೆ ನೀರಿಗೆ, ಮೇಲಿದ್ದವನು ಆ ಮಟ್ಟ 524.256ಕ್ಕೆ ಏರುವ ದಾರಿಯನ್ನು ಇನ್ನೂ ಕಾಯುತ್ತ ಗೋಡೆಗೆ ಸುಣ್ಣ ಬಳಿಯಲೋ ಬೇಡವೋ ಎಂದು ಕುಳಿತಿದ್ದಾನೆ. ಒಂದೇ ಓಣಿಯ ಎರಡು ಮನೆ, ಒಂದಕ್ಕೆ ಪರಿಹಾರ, ಇನ್ನೊಂದಕ್ಕೆ ನೋಟಿಸು. ಇದಕ್ಕೆ ಸಂಸ್ಕೃತಿ ಕಾರಣ ಎಂದು ನವನಗರದಲ್ಲಿ ನಿಂತು ಹೇಳಿ ನೋಡಿ, ಚಾ ಲೋಟ ನೆತ್ತಿಗೆ ಬರುತ್ತದೆ. ಮುಳುಗಡೆ ಅಂದರೆ ಏನೆಂದು ಜಗತ್ತಿನಲ್ಲಿ ಯಾರಿಗಾದರೂ ಬಿಡಿಸಿ ಹೇಳಬೇಕಾಗಿಲ್ಲ ಅಂದರೆ ಅದು ಈ ಊರಿನವರಿಗೆ. ಅವರೇ ಬೆಳಗಾಗೆದ್ದು ಮೀರ್‌ಪುರದ ಮುಳುಗಡೆ ಮಂದಿಯನ್ನು ಉಗಾಂಡಾದ ವ್ಯಾಪಾರಸ್ಥರ ಪಕ್ಕ ನಿಲ್ಲಿಸಿ ಎತ್ತರ ಅಳೆಯುತ್ತಾರೆ.

ಮೀರ್‌ಪುರದವರು ಬ್ರಿಟನ್ನಿಗೆ ಹೋದ ದಾರಿ ಹೀಗಿತ್ತು. ಬ್ರಿಟಿಷ್ ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಆ ಜಿಲ್ಲೆಯ ಗಂಡಸರು ಮೊದಲಿನಿಂದಲೂ ಹೋಗುತ್ತಿದ್ದರು. ಹಾಗಾಗಿ ಅಲ್ಲಿ ಒಬ್ಬ ಕಾಕಾ, ಒಬ್ಬ ಮಾವ ಇದ್ದೇ ಇರುತ್ತಿದ್ದ. 1962ರ ವಲಸೆ ಕಾಯ್ದೆ ವೋಚರ್ ಪದ್ಧತಿ ತಂದಿತು: ಕೆಲಸ ಗೊತ್ತಾಗಿದ್ದವರಿಗೆ ‘ಎ’, ಕೈಕಸುಬು ಬಲ್ಲವರಿಗೆ ‘ಬಿ’, ಉಳಿದವರಿಗೆ ‘ಸಿ’. ವೋಚರ್ ಸಿಕ್ಕವನು ಹೋದ, ಆಮೇಲೆ ತಮ್ಮನನ್ನು ಕರೆಸಿದ, ತಮ್ಮ ದಾಯಾದಿಯನ್ನು ಕರೆಸಿದ. ಇಳಿದದ್ದು ಬ್ರಾಡ್‌ಫರ್ಡಿನಂಥ ಊರುಗಳ ಉಣ್ಣೆ, ಹತ್ತಿ ಗಿರಣಿಗಳಲ್ಲಿ. ಗಿರಣಿ ಮಾಲೀಕರು ತುಟ್ಟಿ ಬೆಲೆಯ ಹೊಸ ಯಂತ್ರ ತಂದಿದ್ದರು. ಹಾಕಿದ ರೊಕ್ಕ ಹುಟ್ಟಬೇಕಾದರೆ ಯಂತ್ರ 24 ತಾಸೂ ತಿರುಗಬೇಕು. ಹೆಂಗಸರ ರಾತ್ರಿ ಕೆಲಸಕ್ಕೆ ಕಾನೂನಿನ ಅಡ್ಡಿ, ಊರಿನ ಗಂಡಸರಿಗೆ ಬೇಡ. ರಾತ್ರಿ ಪಾಳಿ ಮೀರ್‌ಪುರದವರ ಪಾಲಿಗೆ ಬಂತು. ರಾತ್ರಿಯೆಲ್ಲ ತಮ್ಮೂರಿನವರ ಜೊತೆ ಕೆಲಸ, ಹಗಲೆಲ್ಲ ನಿದ್ದೆ. ಇಂಗ್ಲಿಷ್ ಕಲಿಯುವುದು ಯಾರ ಹತ್ತಿರ, ಮಗ್ಗದ ಹತ್ತಿರವೇ?

1970–80ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಹೋಯಿತು, ಅದೇ ಗಿರಣಿ ನಂಬಿ ಕೊಂಡ ಮನೆ ಅಲ್ಲೇ ಉಳಿಯಿತು. ಓದು ಕೇಳದ, ಬಂಡವಾಳ ಬಹಳ ಬೇಡದ ಕೆಲಸ ಯಾವುದಿದೆ ಎಂದು ನೋಡಿದರೆ ಟ್ಯಾಕ್ಸಿ ಕಂಡಿತು. ಸಂದೇಶದಲ್ಲಿ ಬರುವ ಟ್ಯಾಕ್ಸಿ ಇದೇ. ಇಳಕಲ್ಲಿನಲ್ಲಿ ಕೈಮಗ್ಗ ನಿಂತಾಗ ‘ಪವರ್‌ಲೂಮ್ ಬಂತು, ಪಾಪ’ ಎನ್ನುತ್ತೇವೆ. ಬ್ರಾಡ್‌ಫರ್ಡಿನಲ್ಲಿ ಮಗ್ಗ ನಿಂತರೆ ‘ಅವರ ಸಂಸ್ಕೃತಿನೇ ಹಂಗ್ರೀ’.

ಇಷ್ಟನ್ನೆಲ್ಲ ಒರೆಸಿ ತೆಗೆದ ಮೇಲೆ ಅಂಕಿಗಳ ಕಡೆ ಬರಬೇಕು. ಅಂಕಿಯಲ್ಲಿ ನಮ್ಮ ಪಂಡಿತರು ಬಹಳ ಗಟ್ಟಿ, ಒಂದನ್ನು ಹಿಡಿದರೆ ಎರಡನೆಯದನ್ನು ಮುಟ್ಟುವುದಿಲ್ಲ. 2018ರ ಸರಕಾರಿ ಲೆಕ್ಕದ ಪ್ರಕಾರ ಬ್ರಿಟನ್ನಿನ ಭಾರತೀಯ ಮೂಲದ ನೌಕರರ ತಾಸಿನ ಮಧ್ಯಮ ಸಂಬಳ (ಅರ್ಧ ಮಂದಿಗೆ ಇದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ) 13.47 ಪೌಂಡು. ಬಿಳಿ ಬ್ರಿಟಿಷರದು 12.03. ಬಾಂಗ್ಲಾದೇಶಿ ಮೂಲದವರದು 9.60, ಪಾಕಿಸ್ತಾನಿ ಮೂಲದವರೂ ಬಿಳಿಯರಿಗಿಂತ ಕೆಳಗೇ. ಅಂತರ ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಹಾಗಾದರೆ ಬಿಳಿಯರ ಸಂಸ್ಕೃತಿಯಲ್ಲೂ ಏನೋ ಕೊರತೆ ಇರಬೇಕಲ್ಲ, ಅವರಿಗೂ ‘ವಿಚಾರ ಮಾಡ್ರಿ’ ಎಂದು ಒಂದು ಸಂದೇಶ ಹೋಗಬೇಡವೇ?

‘ಭಾರತೀಯ’ ಎಂಬ ಒಂದು ಚೌಕದೊಳಗೆ ಯಾರ‍್ಯಾರಿದ್ದಾರೆ ಎಂಬುದು ಇನ್ನೊಂದು ತಮಾಷೆ. 1950ರ ದಶಕದಲ್ಲಿ ಕಬ್ಬಿಣ ಎರಕದ ಕಾರ್ಖಾನೆಗೆ ಬಂದ ಪಂಜಾಬಿನ ರೈತನ ಮಗ, ನೈರೋಬಿಯ ಅಂಗಡಿಕಾರ, ಸರಕಾರಿ ಆಸ್ಪತ್ರೆಗೆಂದೇ ಕರೆಸಿದ ಡಾಕ್ಟರು, ಹೋದ ವರ್ಷ ಬೆಂಗಳೂರಿನಿಂದ ಹೋದ ಇಂಜಿನಿಯರು. ಈ ಕೊನೆಯವನ ವೀಸಾಕ್ಕೆ ಇಷ್ಟು ಪೌಂಡಿಗಿಂತ ಕಡಿಮೆ ಸಂಬಳ ಇರಕೂಡದು ಎಂಬ ಷರತ್ತೇ ಇದೆ. ಜರಡಿ ಹಿಡಿದು ದಪ್ಪ ಕಾಳನ್ನಷ್ಟೇ ಒಳಗೆ ಬಿಟ್ಟದ್ದು ಬ್ರಿಟನ್ನಿನ ಗೃಹ ಇಲಾಖೆ. ‘ನೋಡ್ರಿ, ನಮ್ಮ ಕಾಳು ಎಷ್ಟು ದಪ್ಪ’ ಎಂದು ಬೆನ್ನು ತಟ್ಟಿಕೊಳ್ಳುವುದು ನವನಗರ.

ಒಕ್ಕಲುತನ ಬಲ್ಲವರು ಈ ತಪ್ಪು ಮಾಡಬಾರದು, ನಿಜವಾಗಿ. ವಿಜಯಪುರದ ಕಡೆ ಡೋಣಿ ಸಾಲಿನ ಎರಿ ಹೊಲದಲ್ಲಿ ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತಿದರೆ, ಆಮೇಲೆ ಮಳೆ ಬಾರದಿದ್ದರೂ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ತೆನೆ ಕಟ್ಟುತ್ತದೆ. ಅದೇ ಬೀಜವನ್ನು ತೆಳು ಮಸಾರಿಯಲ್ಲಿ ಹಾಕಿದರೆ ಹಸಿ ಬೇಗ ಆರಿ ಬೆಳೆ ಮೊಳಕಾಲಿಗೇ ನಿಲ್ಲುತ್ತದೆ. ಎರಡೂ ರಾಶಿಯನ್ನು ಎದುರು ಬದುರು ಸುರಿದು ‘ಈ ರೈತನ ಮನೆತನ ಛಲೋ, ಆ ರೈತನ ಮನೆತನ ಸರಿ ಇಲ್ಲ’ ಎಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ. ಮೊದಲು ಮಣ್ಣು ಕೇಳುತ್ತಾನೆ, ಆಮೇಲೆ ಬಿತ್ತಿದ ನಕ್ಷತ್ರ ಕೇಳುತ್ತಾನೆ, ಆಮೇಲೆ ಗೊಬ್ಬರ. ಇಷ್ಟೂ ಸಮ ಇದ್ದರೆ ಆಗ ರೈತನ ಕೈಗುಣದ ಮಾತು. ಮನುಷ್ಯರ ವಿಷಯದಲ್ಲೂ ಕೇಳಬೇಕಾದ್ದು ಅದೇ: ಯಾವ ವರ್ಷ ಬಂದ, ಎಷ್ಟು ಓದಿ ಬಂದ, ಯಾವ ಊರಲ್ಲಿ ಇಳಿದ, ಅಲ್ಲಿನ ಕೆಲಸ ಎಷ್ಟು ವರ್ಷ ಬಾಳಿತು, ಮನೆಯಲ್ಲಿ ದುಡಿಯುವ ಕೈ ಒಂದೋ ಮೂರೋ, ಹೆಸರು ನೋಡಿಯೇ ಅರ್ಜಿ ಬದಿಗಿಟ್ಟರೋ ಇಲ್ಲವೋ. ಹೆಣ್ಣುಮಕ್ಕಳನ್ನು ದುಡಿಯಲು ಬಿಡದ ಮನೆ ಬಡವಾಗುತ್ತದೆ ಎಂಬುದೂ ಈ ಲೆಕ್ಕದಲ್ಲಿ ಬರಲಿ. ಎಲ್ಲ ಕಳೆದು ತಟ್ಟೆಯಲ್ಲಿ ಉಳಿದದ್ದಕ್ಕೆ ಬೇಕಾದರೆ ಸಂಸ್ಕೃತಿ ಎನ್ನಿ. ಸಂದೇಶದವರು ತಟ್ಟೆ ಬಡಿಸುವ ಮೊದಲೇ ಕೈ ತೊಳೆದಿರುತ್ತಾರೆ.

ಹೋಲಿಕೆ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಊರು ಬದಲಿಸಿ ನೋಡಬೇಕು. ಅಮೆರಿಕದಲ್ಲಿ ಪಾಕಿಸ್ತಾನಿ ಮೂಲದ ಮನೆಗಳ ಮಧ್ಯಮ ಆದಾಯ ಇಡೀ ದೇಶದ ಮಧ್ಯಮ ಆದಾಯಕ್ಕಿಂತ ಮೇಲಿದೆ. 1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದವರಲ್ಲಿ ಡಾಕ್ಟರು, ಇಂಜಿನಿಯರುಗಳ ಪಾಲು ದೊಡ್ಡದು. ದೇವರು ಅದೇ, ಊಟ ಅದೇ; ಬದಲಾದದ್ದು ಜರಡಿ. ಲಂಡನ್ನಿನ ಬಾಂಗ್ಲಾದೇಶಿ ಮನೆಗಳ ಮಕ್ಕಳು ಶಾಲಾ ಪರೀಕ್ಷೆಯಲ್ಲಿ ಬಿಳಿ ಮಕ್ಕಳನ್ನು ಹಿಂದೆ ಹಾಕಿಯೂ ಆಯಿತು, ಅದೂ ಒಂದು ತಲೆಮಾರಿನೊಳಗೆ. ಸಂಸ್ಕೃತಿ ಅಷ್ಟು ಬೇಗ ಬದಲಾಗುತ್ತದೆಯೋ, ಶಾಲೆ ಸುಧಾರಿಸಿತೋ? ಇತ್ತ ಭಾರತೀಯರನ್ನು ಕೊಲ್ಲಿ ದೇಶದ ಲೇಬರ್ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಮಂದಿಯಂತೆ ಮಲಗಿಸಿ, ಅದೇ ‘ಒಂದೇ ಮಣ್ಣು, ಒಂದೇ ರಕ್ತ’ದ ಸಂದೇಶ ಓದಿ. ಮಜಾ ಬರುವುದಿಲ್ಲ.

ದುಬೈವರೆಗೂ ಯಾಕೆ, ಗೋವೆ ಇದೆಯಲ್ಲ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದವರು ವಾಸ್ಕೋ, ಮಡಗಾಂವಿನಲ್ಲಿ ಗಾರೆ ಹೊರುತ್ತಾರೆ. ಅಲ್ಲಿ ಇವರಿಗಿರುವ ಹೆಸರು ‘ಘಾಟಿ’. ಘಟ್ಟದ ಮೇಲಿನವರು ಎಂದಷ್ಟೇ ಅರ್ಥ, ಆದರೆ ಅನ್ನುವ ಧಾಟಿ ಬೇರೆ. ಗುಡಿಸಲು ಹಾಕುತ್ತಾರೆ, ಗಲೀಜು ಮಾಡುತ್ತಾರೆ, ಮಕ್ಕಳನ್ನು ಓದಿಸುವುದಿಲ್ಲ, ಅವರ ಸಂಸ್ಕೃತಿಯೇ ಹಾಗೆ ಎಂದು ಅಲ್ಲಿಯ ಪಂಡಿತರೂ ಬೆಳಿಗ್ಗೆ ಚಾ ಕುಡಿಯುತ್ತ ಹೇಳುತ್ತಾರೆ. ಹಾಗೆ ಹೇಳುವ ಗೋವೆಯವನ ಮಗ, ಬ್ರಿಟನ್ ಇನ್ನೂ ಐರೋಪ್ಯ ಒಕ್ಕೂಟದಲ್ಲಿದ್ದಾಗಲೇ, 1961ಕ್ಕಿಂತ ಮೊದಲು ಹುಟ್ಟಿದ ಅಜ್ಜನ ಜನ್ಮದಾಖಲೆ ಹಿಡಿದು ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಮಾಡಿಸಿ, ಇಂಗ್ಲೆಂಡಿನ ಸ್ವಿಂಡನ್ನಿನ ಗೋದಾಮಿನಲ್ಲಿ ರಾತ್ರಿ ಪಾಳಿಗೆ ಪೆಟ್ಟಿಗೆ ಎತ್ತುತ್ತಿರುತ್ತಾನೆ. ಅವನು ಕಳಿಸಿದ ಪೌಂಡಿನಲ್ಲಿ ಎರಡನೆಯ ಮಹಡಿಯ ಸ್ಲ್ಯಾಬು ಬೀಳುತ್ತದೆ. ಹಾಕುವವನು ಹುನಗುಂದದ ಕಡೆಯವನು.

ನವನಗರದೊಳಗೂ ಈ ಆಟ ನಡೆದೇ ಇದೆ. ‘ಪ್ಯಾಟಿ ಮಂದಿ ಉದ್ಧಾರ ಆದ್ರು, ಹಳ್ಳಿ ಮಂದಿ ಪರಿಹಾರದ ರೊಕ್ಕ ಗಾಡಿ ತಗೊಂಡು, ಮದುವಿ ಮಾಡಿ ಹಾಳು ಮಾಡಿದ್ರು’ ಎಂದು ಒಂದು ಸೆಕ್ಟರಿನವರು ಇನ್ನೊಂದು ಸೆಕ್ಟರಿನವರ ಬಗ್ಗೆ ಹೇಳುತ್ತಾರೆ. ಪ್ಯಾಟಿಯವನಿಗೆ ಅಂಗಡಿ ಹೋದರೂ ಗಿರಾಕಿಯೂ ಅದೇ ದಾರಿ ಹಿಡಿದು ಹೊಸ ಊರಿಗೆ ಬಂದ. ಹಳ್ಳಿಯವನ ಹೊಲ ಹೋಯಿತು. ಬಂದ ರೊಕ್ಕವನ್ನು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಎಕರೆ ಹುಡುಕುವ ಹೊತ್ತಿಗೆ ಸುತ್ತಲಿನ ಹೊಲದ ರೇಟು ಎರಡು ಪಟ್ಟಾಗಿತ್ತು, ಯಾಕೆಂದರೆ ಇಡೀ ತಾಲೂಕಿನ ಪರಿಹಾರವೂ ಅದೇ ವಾರ ಹೊಲ ಹುಡುಕುತ್ತಿತ್ತು.

ಚಾದಂಗಡಿಯಲ್ಲಿ ಈಗ ಎರಡನೆಯ ಪಾತ್ರೆ ಕುದಿಯುತ್ತಿದೆ. ‘ಸರಕಾರದ ಮುಂದ ಕೈ ಚಾಚದ ಮಂದಿ ನಾವು’ ಎಂಬ ಸಾಲನ್ನು ತಾನೇ ಜೋಡಿಸಿ ಸಂದೇಶ ಮುಂದಕ್ಕೆ ಕಳಿಸಿದ ಕಾಕಾ ಎದ್ದು, ಪಕ್ಕದ ಝೆರಾಕ್ಸ್ ಅಂಗಡಿಯ ಶಟರ್ ಏರಿತೋ ಇಲ್ಲವೋ ಎಂದು ಇಣುಕುತ್ತಾರೆ. ಬಗಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮುಳುಗಡೆ ಸರ್ಟಿಫಿಕೇಟು. ಮೊಮ್ಮಗ ಯೋಜನಾ ನಿರಾಶ್ರಿತರ ಕೋಟಾದಲ್ಲಿ ಅರ್ಜಿ ಹಾಕಬೇಕು, ಇವತ್ತೇ ಕೊನೆಯ ದಿನ. “ಎರಡು ಪ್ರತಿ ಸಾಕೇನ್ರೀ ಕಾಕಾ?” ಎಂದರೆ, “ನಾಕು ತೆಗಿಯೋ ತಮ್ಮಾ, ಅದ್ರ ಮ್ಯಾಲೇ ನಿಂತೈತಿ ನಮ್ಮ ಮನಿ” ಎನ್ನುತ್ತಾರೆ.